ಬ್ಯಾಟರಿ ಸ್ಕೂಟರಿನೊಂದಿಗೆ ಹಡಗು ಪ್ರವಾಸ

ತುಮಕೂರು ಜಿಲ್ಲೆಯ ರಸ್ತೆಗಳಲ್ಲಿ ದಿನವೂ ಕಾಣುವ ಪಕ್ಕಗಾಲಿಯ ಸ್ಕೂಟರ್ ವಿಹಾರ ನೌಕೆಯನ್ನು ಹತ್ತುವಂತಿಲ್ಲ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯಲ್ಲಿ ಕೊಡುವ ಈ ಗಾಡಿ ಗುಬ್ಬಿಯ ಸಂತೆಗೆ, ಕುಣಿಗಲ್ಲಿನ ತಾಲ್ಲೂಕು ಕಚೇರಿಗೆ, ತುಮಕೂರಿನ ಅಂಗಡಿ ಬೀದಿಗೆ ಸಾವಿರಾರು ಜನರನ್ನು ಒಯ್ದಿದೆ. ಆದರೆ ಅದು ಪೆಟ್ರೋಲಿನ ವಾಹನ. ಪ್ರಯಾಣಿಕರ ಹಡಗಿನಲ್ಲಿ ಪೆಟ್ರೋಲ್ ತುಂಬಿದ ಟ್ಯಾಂಕಿಗೆ ಜಾಗವಿಲ್ಲ. ಟ್ಯಾಂಕ್ ಬರಿದು ಮಾಡಿದರೂ ಆ ಅಗಲಕ್ಕೆ ಹಡಗಿನ ಬಾಗಿಲುಗಳು ಒಗ್ಗುವುದಿಲ್ಲ. ಕಡಲ ಪ್ರವಾಸಕ್ಕೆ ಬೇಕಾಗುವುದು ಬೇರೆ ಜಾತಿಯ ಗಾಡಿ: ಮನೆಯೊಳಗೂ ತಿರುಗಬಲ್ಲಷ್ಟು ಕಿರಿದಾದ, ಬ್ಯಾಟರಿಯಿಂದ ನಡೆಯುವ, ನಡಿಗೆಯ ವೇಗಕ್ಕಿಂತ ತುಸುವೇ ಮುಂದಿರುವ, ಮೂರು ಅಥವಾ ನಾಲ್ಕು ಗಾಲಿಯ ಮೊಬಿಲಿಟಿ ಸ್ಕೂಟರ್.

ಇದರ ಇತಿಹಾಸ ಹಳೆಯದೇನಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಅಲನ್ ಥೀಮ್ ಎಂಬುವರು 1968ರಲ್ಲಿ, ನರರೋಗದಿಂದ ನಡೆಯಲಾರದೆ ಹೋದ ತಮ್ಮ ಕುಟುಂಬದವರೊಬ್ಬರಿಗಾಗಿ, ಅಮಿಗೋ ಎಂಬ ಗಾಡಿಯನ್ನು ಮಾಡಿದರು. ಇಂದಿನ ಮೊಬಿಲಿಟಿ ಸ್ಕೂಟರುಗಳ ಮೂಲ ಅದು. ಗಾಲಿಕುರ್ಚಿ ಬಳಸುವವರೆಲ್ಲರಿಗೂ ಇದು ಹೊಂದುವುದಿಲ್ಲ. ಬೆನ್ನು ನೆಟ್ಟಗೆ ಇಟ್ಟು ಕೂರಲು ಬರಬೇಕು, ಹಿಡಿಕೆ ತಿರುಗಿಸಲು ಎರಡು ಕೈಗೂ ಅಷ್ಟಿಷ್ಟು ಬಲವಿರಬೇಕು, ಸೀಟಿನಿಂದ ಎದ್ದು ನಾಲ್ಕು ಹೆಜ್ಜೆಯಾದರೂ ಹಾಕಲು ಸಾಧ್ಯವಿರಬೇಕು. ಪೋಲಿಯೊದಿಂದ ಒಂದು ಕಾಲು ಸೋತವರು, ಮಂಡಿ ಸವೆದ ಹಿರಿಯರು, ಎದೆಯ ಅಥವಾ ಉಸಿರಾಟದ ತೊಂದರೆಯಿಂದ ಹತ್ತು ಮಾರು ನಡೆದರೆ ಕುಸಿಯುವವರು ಇದರ ಮುಖ್ಯ ಬಳಕೆದಾರರು. ಮನೆಯೊಳಗೆ ಗೋಡೆ ಹಿಡಿದು ನಡೆಯುವ ಇವರಲ್ಲಿ ಅನೇಕರಿಗೆ ಸ್ಕೂಟರ್ ಬೇಕಾಗುವುದೇ ದೂರ ನಡೆಯಬೇಕಾದ ಕಡೆ. ಇನ್ನೂರು ಮೀಟರ್ ಉದ್ದದ ಹಡಗು ಅಂಥದೇ ಒಂದು ಕಡೆ.

ಹಡಗಿಗೆ ಒಯ್ಯುವ ಸ್ಕೂಟರಿನ ಯೋಗ್ಯತೆ ತೀರ್ಮಾನವಾಗುವುದು ಅದರ ಅಂದದಿಂದಲ್ಲ, ಅಗಲ, ತೂಕ, ಬ್ಯಾಟರಿ ಎಂಬ ಮೂರು ಅಳತೆಗಳಿಂದ. ಮಡಚುವ ಸ್ಕೂಟರುಗಳು ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಅಗಲ, 20ರಿಂದ 30 ಕಿಲೊ ತೂಕ ಇರುತ್ತವೆ. ರಸ್ತೆಯ ಮೇಲೆ ಓಡಿಸಲೆಂದು ಮಾಡಿದ ದೊಡ್ಡ ಸ್ಕೂಟರ್ 100 ಕಿಲೊ ದಾಟಬಹುದು. ಕೂರಲು ಎರಡನೆಯದೇ ಸುಖ. ಆದರೂ ಪ್ರಯಾಣದ ದೃಷ್ಟಿಯಲ್ಲಿ ಅದು ಹೊರೆಯೇ, ಏಕೆಂದರೆ ತುಮಕೂರಿನಿಂದ ಬಂದರಿನವರೆಗೆ ಅದನ್ನು ಕಾರಿನ ಡಿಕ್ಕಿಗೆ, ರೈಲಿನ ಬೋಗಿಗೆ ಯಾರಾದರೂ ಎತ್ತಿಡಲೇಬೇಕು. ಮೂರು ಗಾಲಿಯದು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ. ನಾಲ್ಕು ಗಾಲಿಯದು ಓಲಾಟದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಡಗು ಇಕ್ಕಟ್ಟೂ ಹೌದು, ಓಲಾಡುವುದೂ ಹೌದು. ಆದ್ದರಿಂದ ಇಲ್ಲಿ ಇದೇ ಸರಿ ಎಂಬ ಒಂದೇ ಉತ್ತರವಿಲ್ಲ.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಬರಬೇಕು. ಬ್ಯಾಟರಿಯ ವೋಲ್ಟನ್ನು ಅದರ ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. 24 ವೋಲ್ಟಿನ, 10 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಎಂದರೆ 240 ವ್ಯಾಟ್-ಗಂಟೆ. ವಿಮಾನದಲ್ಲಿ ಮಡಚುವ ಸ್ಕೂಟರಿನಿಂದ ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿಗೆ ಇರುವ ಅಂತರರಾಷ್ಟ್ರೀಯ ಮಿತಿ 300 ವ್ಯಾಟ್-ಗಂಟೆ. ಹಾಗೆ ಬಿಚ್ಚಿದ ಬ್ಯಾಟರಿಯನ್ನು ಸರಕಿನ ಜೊತೆ ಹಾಕುವಂತಿಲ್ಲ, ಪ್ರಯಾಣಿಕರು ತಮ್ಮ ಜೊತೆಗೇ ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಬೇಕು. ಮೊಹರು ಮಾಡಿದ ಸೀಸದ ಬ್ಯಾಟರಿ ಅಗ್ಗ, ತೂಕ ಮಾತ್ರ ಹೆಚ್ಚು. ಹಡಗಿನವರು ಎರಡನ್ನೂ ಒಪ್ಪುತ್ತಾರೆ. ಆಮ್ಲ ಚೆಲ್ಲುವಂಥ ಹಳೆಯ ಬಗೆಯದನ್ನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಸ್ಕೂಟರ್ ಕೊಳ್ಳುವಾಗಲೇ ಬ್ಯಾಟರಿಯ ಮೇಲೆ ಈ ಅಂಕಿಗಳು ಅಚ್ಚಾಗಿವೆಯೇ ಎಂದು ನೋಡುವುದು ಜಾಣತನ. ಅಂಕಿ ಅಳಿಸಿಹೋದ ಬ್ಯಾಟರಿಯ ಪರವಾಗಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ವಾದ ಮಾಡಿ ಗೆದ್ದವರು ಕಡಿಮೆ.

ಭಾರತದಲ್ಲಿ ಇಂಥ ಸಾಧನಗಳ ಆಯ್ಕೆ ಇನ್ನೂ ಕಿರಿದು. ಕಾನ್ಪುರದ ಅಲಿಮ್ಕೊ ಎಂಬ ಸರ್ಕಾರಿ ಸಂಸ್ಥೆ ಬ್ಯಾಟರಿ ಚಾಲಿತ ತ್ರಿಚಕ್ರ ಗಾಡಿಗಳನ್ನು ಮಾಡುತ್ತದೆ. ಕೇಂದ್ರದ ಎಡಿಐಪಿ ಯೋಜನೆಯಡಿ ಅವು ಜಿಲ್ಲೆ ಜಿಲ್ಲೆಗಳ ಶಿಬಿರಗಳಲ್ಲಿ ಹಂಚಿಕೆಯಾಗುತ್ತವೆ. ಊರೊಳಗೆ ಓಡಾಡಲು ಅವು ಒಳ್ಳೆಯವೇ, ಹಡಗಿನ ಕೋಣೆಗೆ ಮಾತ್ರ ದೊಡ್ಡವು. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಹೊರಬಂದ ನಿಯೋಬೋಲ್ಟ್ ಬೇರೆ ದಾರಿ ಹಿಡಿದಿದೆ. ಗಾಲಿಕುರ್ಚಿಯ ಮುಂದಕ್ಕೆ ಮೋಟಾರಿನ ಒಂದು ಗಾಲಿಯನ್ನು ಸಿಕ್ಕಿಸಿದರೆ ಅದು ಗಂಟೆಗೆ 25 ಕಿಲೋಮೀಟರ್ ವರೆಗೆ ಓಡುವ ಗಾಡಿಯಾಗುತ್ತದೆ, ಕಳಚಿದರೆ ಮತ್ತೆ ಬರೀ ಕುರ್ಚಿ. ಹಡಗಿನೊಳಗೆ ಕುರ್ಚಿ, ಬಂದರಿನ ಆಚೆ ಗಾಡಿ ಎಂಬ ಈ ಎರಡು ರೂಪದ ಉಪಾಯಕ್ಕೆ ಕಡಲ ಪ್ರವಾಸದಲ್ಲಿ ಒಳ್ಳೆಯ ಉಪಯೋಗವಿದೆ.

ಕಾಗದಪತ್ರಗಳಲ್ಲಿ ಮೊದಲನೆಯದು ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪ್ರತಿಶತ ಎಂಬ ವೈದ್ಯಕೀಯ ಪ್ರಮಾಣೀಕರಣ ಬೇಕು. ಅರ್ಜಿ ಹಾಕಲು ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ನೆರವಾಗುತ್ತಾರೆ. ಜನರ ಬಾಯಲ್ಲಿ ಇವರು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ವಯಸ್ಸಿನಿಂದಷ್ಟೇ ನಡಿಗೆ ಸೋತವರಿಗೆ ಈ ಚೀಟಿ ಇರುವುದಿಲ್ಲ. ಹಡಗಿನ ನೆರವು ಪಡೆಯಲು ಅದು ಬೇಕಾಗಿಯೂ ಇಲ್ಲ. ಟಿಕೆಟ್ ಕಾದಿರಿಸುವಾಗ ತುಂಬುವ ವಿಶೇಷ ಅಗತ್ಯಗಳ ನಮೂನೆಯೇ ಅಲ್ಲಿ ಮುಖ್ಯ. ದೇಶದೊಳಗಿನ ಯಾನಕ್ಕೆ ಆಧಾರ್ ಸಾಕು, ಶ್ರೀಲಂಕಾಕ್ಕೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕು.

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡಲಿನಿಂದ ದೂರ, ಆದರೆ ಮೂರೂ ಕಡಲಿಗೆ ಇಳಿಯುವ ದಾರಿಗಳ ಮೇಲಿವೆ. ತುಮಕೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 73 ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಚಾರ್ಮಾಡಿ ಘಾಟಿಯಿಂದ ಮಂಗಳೂರಿಗೆ ಇಳಿಯುತ್ತದೆ. ಕುಣಿಗಲ್ಲನ್ನು ಹಾಯುವ ಹೆದ್ದಾರಿ 75 ಹಾಸನ, ಶಿರಾಡಿ ಘಾಟಿಯ ಮೂಲಕ ಅದೇ ಊರನ್ನು ಸೇರುತ್ತದೆ. ಕುಣಿಗಲ್ಲಿಗೆ ರೈಲು ಬಂದದ್ದು ತಡವಾಗಿ: ಬೆಂಗಳೂರು–ಹಾಸನ ನೇರ ಮಾರ್ಗ ಪೂರ್ಣವಾಗಿ ತೆರೆದದ್ದು 2017ರ ಮಾರ್ಚ್‌ನಲ್ಲಿ. ಗುಬ್ಬಿ, ತುಮಕೂರುಗಳದು ಹುಬ್ಬಳ್ಳಿಯ ಕಡೆಗೆ ಹೋಗುವ ಹಳೆಯ ಮಾರ್ಗ. ಮುಂಬೈಯ ದಾದರ್‌ಗೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ಈ ದಾರಿಯದು.  

ರೈಲಿನಲ್ಲಿ ಜೊತೆಗಾರರ ನೆರವಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್ ಮತ್ತು ಮೂರು ಹಂತದ ಎಸಿ ದರ್ಜೆಗಳಲ್ಲಿ 75 ಪ್ರತಿಶತ, ಮೇಲಿನ ಎಸಿ ದರ್ಜೆಗಳಲ್ಲಿ 50 ಪ್ರತಿಶತ ರಿಯಾಯಿತಿ ಉಂಟು; ಒಬ್ಬ ಜೊತೆಗಾರರಿಗೂ ಅಷ್ಟೇ. ಬಸ್ಸಿನ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವರೆಗೆ ಮಾತ್ರ ನಡೆಯುತ್ತದೆ, ಅಂದರೆ ಬೆಂಗಳೂರು ಅದರೊಳಗೆ, ಮಂಗಳೂರು ಅದರಾಚೆ. ರಿಯಾಯಿತಿ ದೊರೆತಷ್ಟು ಸುಲಭವಾಗಿ ಮೆಟ್ಟಿಲು ದಾಟಲಾಗುವುದಿಲ್ಲ. ಸಾಮಾನ್ಯ ಬೋಗಿಯ ಬಾಗಿಲಿನ ಕಬ್ಬಿಣದ ಮೆಟ್ಟಿಲನ್ನು ಸ್ಕೂಟರ್ ಹತ್ತದು. ಮಡಚಿ, ಬ್ಯಾಟರಿ ಕಳಚಿ, ಎರಡು ತುಂಡು ಮಾಡಿ ಎತ್ತಬೇಕು. ರೈಲು ಗಾಡಿಗಳ ತುದಿಯಲ್ಲಿ ಇರುವ ಅಂಗವಿಕಲರ ಬೋಗಿಯ ಬಾಗಿಲು ಅಗಲ. ಆದರೆ ಅದು ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲುವುದರಿಂದ ಅಲ್ಲಿಯವರೆಗೆ ಹೋಗಲು ಮೊದಲೇ ಹೊರಡಬೇಕು. ವಿಮಾನದಲ್ಲಿ ಹೋಗುವವರಿಗೆ ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿಗೆ ಹೋಗುವ ರಸ್ತೆ ವರವೇ ಸರಿ. ಬೆಂಗಳೂರಿನ ದಟ್ಟಣೆಗೆ ಸಿಲುಕದೆ ನಿಲ್ದಾಣ ಮುಟ್ಟಬಹುದು. ಸ್ಕೂಟರ್ ಜೊತೆಗಿರುವ ವಿಷಯವನ್ನು ವಿಮಾನ ಸಂಸ್ಥೆಗೆ 48 ಗಂಟೆ ಮುಂಚೆ ತಿಳಿಸಿರಬೇಕು.

ಯಾವ ಬಂದರಿಗೆ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಕರ್ನಾಟಕದ ದೊಡ್ಡ ಬಂದರು ಪಣಂಬೂರಿನ ನವ ಮಂಗಳೂರು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಈ ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ವಿಹಾರ ನೌಕೆಗಳು ಬಂದು ಹೋಗುತ್ತವೆ. ಅವುಗಳ ಪ್ರಯಾಣಿಕರು ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೋಕರ್ಣನಾಥ ದೇವಾಲಯ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಇಲ್ಲಿಂದ ಹತ್ತಿ ಹೊರಡುವ ಯಾನ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ತುಮಕೂರಿನವರಿಗೆ ಹಡಗು ಸಿಗುವುದು ಮುಂಬೈ, ಗೋವಾ, ಕೊಚ್ಚಿ ಅಥವಾ ಚೆನ್ನೈಯಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಯಾನ ಆರಂಭಿಸಿದ ಕಾರ್ಡೇಲಿಯ ಕಂಪನಿಯ ಎಂಪ್ರೆಸ್ ಹಡಗು ಅರಬ್ಬಿ ಸಮುದ್ರದಲ್ಲಿ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಹೋಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಅಬ್ಬರಿಸುವಾಗ ಚೆನ್ನೈಗೆ ನೆಲೆ ಬದಲಿಸಿ ಶ್ರೀಲಂಕಾದ ಕಡೆ ಸಾಗಿದ್ದೂ ಉಂಟು.

ಸುಮಾರು 210 ಮೀಟರ್ ಉದ್ದದ ಎಂಪ್ರೆಸ್ ಕಟ್ಟಿದ್ದು 1990ರಲ್ಲಿ, ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ. ಸ್ಕೂಟರ್ ಬಳಸುವವರು ಈ ಇಸವಿಯನ್ನು ಗಮನಿಸಬೇಕು. ಪ್ರಯಾಣಿಕ ಹಡಗುಗಳನ್ನು ಹಿರಿಯರಿಗೂ ಅಂಗವಿಕಲರಿಗೂ ಅನುಕೂಲವಾಗುವಂತೆ ಕಟ್ಟುವ ಬಗೆಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಶಿಫಾರಸು ಹೊರಡಿಸಿದ್ದೇ 1996ರಲ್ಲಿ. ಅದಕ್ಕೆ ಮುಂಚಿನ ಹಡಗುಗಳಲ್ಲಿ ಅಗಲ ಬಾಗಿಲಿನ ಕೋಣೆಗಳು ಕಡಿಮೆ, ಬಚ್ಚಲ ಹೊಸ್ತಿಲು ಎತ್ತರ, ಮೊಗಸಾಲೆ ಕಿರಿದು. ನವೀಕರಣದಲ್ಲಿ ಬಣ್ಣ, ಬೆಳಕು, ಈಜುಕೊಳಗಳನ್ನು ಬದಲಿಸಬಹುದು. ಉಕ್ಕಿನ ಗೋಡೆಗಳ ನಡುವಿನ ಅಂತರವನ್ನು ಹಿಗ್ಗಿಸುವುದು ಸುಲಭವಲ್ಲ. ಹಡಗಿನ ಜಾಹೀರಾತಿನ ಚಿತ್ರಗಳಿಗಿಂತ ಅದು ಕಟ್ಟಿದ ವರ್ಷ ಹೆಚ್ಚು ನಂಬಲರ್ಹವಾದ ಸಾಕ್ಷಿ.

ದಡದಿಂದ ಹಡಗಿಗೆ ಹಾಕುವ ಸೇತುವೆಯ ಇಳಿಜಾರು ದಿನವಿಡೀ ಒಂದೇ ರೀತಿ ಇರುವುದಿಲ್ಲ. ಕಡಲು ಉಬ್ಬಿದಾಗ ಹಡಗು ಏರುತ್ತದೆ, ಸೇತುವೆ ಕಡಿದಾಗುತ್ತದೆ. ಮಂಗಳೂರಿನಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಒಂದೂವರೆ ಮೀಟರಿನ ಆಸುಪಾಸಿನದು. ಮುಂಬೈಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ನಾಲ್ಕು ಮೀಟರನ್ನೂ ದಾಟುತ್ತದೆ. ಕಟ್ಟಡಗಳಲ್ಲಿ ಗಾಲಿಕುರ್ಚಿಗೆ ಒಪ್ಪಿತವಾದ ಇಳಿಜಾರು ಹನ್ನೆರಡಕ್ಕೆ ಒಂದು, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಹಡಗಿನ ಸೇತುವೆ ಇದಕ್ಕಿಂತ ಕಡಿದಾಗಿದ್ದಾಗ ಸ್ಕೂಟರ್ ಏರಿಸುವ ಸಾಹಸ ಬೇಡ. ಸಿಬ್ಬಂದಿ ಗಾಲಿಕುರ್ಚಿಯಲ್ಲಿ ಕೂರಿಸಿ ಹಿಮ್ಮುಖವಾಗಿ ಒಯ್ಯುತ್ತಾರೆ, ಸ್ಕೂಟರ್ ಖಾಲಿಯಾಗಿ ಹಿಂದೆ ಬರುತ್ತದೆ.

ಹಡಗಿನಲ್ಲಿ ಮುಖ್ಯ ನಿಯಮ ಒಂದು: ಸ್ಕೂಟರನ್ನು ಮೊಗಸಾಲೆಯಲ್ಲಿ ನಿಲ್ಲಿಸುವಂತಿಲ್ಲ. ಬೆಂಕಿಯೋ ಹೊಗೆಯೋ ಬಂದಾಗ ನೂರಾರು ಜನ ಓಡಬೇಕಾದ ದಾರಿ ಅದು. ಹಾಗಾಗಿ ಗಾಡಿ ಕೋಣೆಯೊಳಗೇ ಇರಬೇಕು, ಅಲ್ಲೇ ಚಾರ್ಜ್ ಆಗಬೇಕು. ಸಾಮಾನ್ಯ ಕೋಣೆಯ ಬಾಗಿಲು ಸಾಧಾರಣವಾಗಿ 56ರಿಂದ 60 ಸೆಂಟಿಮೀಟರ್. ಅಂಗವಿಕಲರಿಗೆಂದು ಮಾಡಿದ ಕೋಣೆಯದು 80ಕ್ಕೂ ಹೆಚ್ಚು. ಮಡಚುವ ಸ್ಕೂಟರ್ ಇದ್ದವರು ಸಾಮಾನ್ಯ ಕೋಣೆಯಲ್ಲೂ ನಿಭಾಯಿಸಬಹುದು ಎಂದು ಮಾರಾಟಗಾರರು ಹೇಳುವುದುಂಟು. ಆದರೆ ಪ್ರತಿ ಸಲ ಹೊರಗೆ ಹೋಗಿ ಬಂದಾಗಲೂ ಬಾಗಿಲಲ್ಲಿ ಮಡಚಿ ಬಿಡಿಸಬೇಕಾಗುತ್ತದೆ; ಎರಡನೆಯ ದಿನಕ್ಕೆ ಜೊತೆಗಾರರು ಬೇಸತ್ತಿರುತ್ತಾರೆ. ಅಗಲ ಬಾಗಿಲು, ಹೊಸ್ತಿಲಿಲ್ಲದ ಬಚ್ಚಲು, ಗೋಡೆಯ ಹಿಡಿಕಂಬಿ, ಕುಳಿತು ಮೀಯುವ ಪೀಠ ಇರುವ ಕೋಣೆಗಳು ಕೆಲವೇ ಇರುವುದರಿಂದ ತಿಂಗಳುಗಳ ಮುಂಚೆಯೇ ತುಂಬಿಹೋಗುತ್ತವೆ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರದ ಕೋಣೆ ಸಿಕ್ಕರೆ ಉತ್ತಮ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ.

ಅಮೆರಿಕದ ಮಾದರಿಯ ಹಡಗುಗಳಲ್ಲಿ 110 ವೋಲ್ಟಿನ, ಯುರೋಪಿನ ಮಾದರಿಯವುಗಳಲ್ಲಿ 220 ವೋಲ್ಟಿನ ಸಾಕೆಟ್‌ಗಳಿರುತ್ತವೆ, ಕೆಲವದರಲ್ಲಿ ಎರಡೂ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪ್ಲಗ್ ಹೊಂದಿಸುವ ಅಡಾಪ್ಟರ್ ಸಾಕು. ಮನೆಯಿಂದ ಒಯ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಅನೇಕ ಕಂಪನಿಗಳು ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ. ಸಾಕೆಟ್ ಮಂಚದಿಂದ ದೂರವಿದ್ದರೆ ಕೋಣೆಯ ಸಿಬ್ಬಂದಿಯಿಂದಲೇ ತಂತಿ ಕೇಳಿ ಪಡೆಯಬೇಕು.

ಇಷ್ಟು ದಾಟಿದ ಮೇಲೆ ಹಡಗಿನ ಬದುಕು ಅಚ್ಚರಿಪಡುವಷ್ಟು ಸಲೀಸು. ಅಂತಸ್ತಿನಿಂದ ಅಂತಸ್ತಿಗೆ ಲಿಫ್ಟ್, ಸಮತಟ್ಟಾದ ನೆಲ, ಊಟದ ಮನೆಯಿಂದ ನಾಟಕಶಾಲೆಯವರೆಗೆ ಒಂದೇ ಸೂರು. ತುಮಕೂರಿನ ಅಮಾನಿಕೆರೆಯ ದಂಡೆಗೆ ಹೋಗಿಬರಲು ಪಡುವ ಪಾಡು ಇಲ್ಲಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ನಗರದ ಪಾದಚಾರಿ ಹಾದಿಯಲ್ಲೂ ಅಡಿಗಡಿಗೆ ಸಿಗುವ ಮೆಟ್ಟಿಲು, ಕಂಬ, ನಿಲ್ಲಿಸಿದ ಬೈಕುಗಳು ಹಡಗಿನ ದಾರಿಯಲ್ಲಿ ಇರುವುದಿಲ್ಲ. ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಪ್ರದರ್ಶನ ಮುಗಿದ ಹೊತ್ತಿನಲ್ಲಿ ಲಿಫ್ಟಿನ ಮುಂದೆ ಜನ ಮುಗಿಬೀಳುತ್ತಾರೆ. ನಡೆಯಬಲ್ಲವರು ಒಳನುಗ್ಗಿ ಸ್ಕೂಟರ್ ಹೊರಗೇ ಉಳಿಯುತ್ತದೆ. ಹತ್ತು ನಿಮಿಷ ಮುಂಚೆ ಏಳುವುದೋ ಹದಿನೈದು ನಿಮಿಷ ತಡೆದು ಹೊರಡುವುದೋ ಮಾತ್ರ ಇದಕ್ಕಿರುವ ಮದ್ದು. ಕಡಲು ಕದಡಿದ ದಿನ ಸ್ಕೂಟರಿನಲ್ಲೇ ಕೂರದೆ ಗಟ್ಟಿ ಕುರ್ಚಿಗೆ ಸ್ಥಳಾಂತರಗೊಳ್ಳಬೇಕು. ಹಿಡಿಕೆ ಬಿಟ್ಟೊಡನೆ ಸ್ಕೂಟರಿನ ವಿದ್ಯುತ್ ಬ್ರೇಕ್ ತಾನೇ ಬಿಗಿಯುತ್ತದೆ, ಆದರೆ ತಳ್ಳಿಕೊಂಡು ಹೋಗಲೆಂದು ಇರುವ ಸನ್ನೆಯನ್ನು ಸಡಿಲಿಸಿಟ್ಟರೆ ಆ ಬ್ರೇಕ್ ಕೆಲಸ ಮಾಡದು.

ಕಡಲ ಪ್ರವಾಸದ ನಿಜವಾದ ಕಷ್ಟ ಇರುವುದು ದೊಡ್ಡ ಹಡಗು ದಡಕ್ಕೆ ತಾಗದ ಕಡೆಗಳಲ್ಲಿ. ಗೋವಾದ ಮುರಗಾಂವ್, ಕೊಚ್ಚಿಗಳಲ್ಲಿ ಹಡಗು ಕಟ್ಟೆಗೆ ಬಂದು ನಿಲ್ಲುತ್ತದೆ. ಲಕ್ಷದ್ವೀಪದಲ್ಲಿ ಹಾಗಲ್ಲ. ಹವಳದ ದಿಬ್ಬಗಳ ಆಚೆ ಆಳದಲ್ಲಿ ಲಂಗರು ಹಾಕಿ, ಹಡಗಿನ ಪಕ್ಕೆಯ ಬಾಗಿಲಿನಿಂದ ಸಣ್ಣ ದೋಣಿಗೆ ಜನರನ್ನು ಇಳಿಸುತ್ತಾರೆ. ಅಲೆಯೊಂದಿಗೆ ಏರಿಳಿಯುವ ದೋಣಿಗೆ ಸರಿಯಾದ ಕ್ಷಣ ನೋಡಿ ಹೆಜ್ಜೆ ಇಡಬೇಕು. ಕಾಲಿನ ಮೇಲೆ ಹಿಡಿತವಿಲ್ಲದವರಿಗೆ ಆ ಒಂದು ಹೆಜ್ಜೆಯೇ ಅಪಾಯ. ಎಷ್ಟೋ ಕಂಪನಿಗಳು ಇಂಥ ಕಡೆ ಸ್ಕೂಟರನ್ನು ದೋಣಿಗೆ ಹಾಕುವುದಿಲ್ಲ. ಕೆಲವು ಕಂಪನಿಗಳು ಸುಮಾರು 45 ಕಿಲೊ ಒಳಗಿನದನ್ನು, ಕಡಲು ಶಾಂತವಾಗಿದ್ದರೆ ಮಾತ್ರ ಒಪ್ಪುತ್ತವೆ. ಟಿಕೆಟ್ ಕೊಳ್ಳುವಾಗಲೇ ಯಾವ ಯಾವ ಊರಿನಲ್ಲಿ ಹಡಗು ಕಟ್ಟೆಗೆ ನಿಲ್ಲುತ್ತದೆ, ಎಲ್ಲಿ ದೋಣಿ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಆಮೇಲಿನ ಬೇಸರವನ್ನು ತಪ್ಪಿಸುತ್ತದೆ.

ನೀರಿಗೂ ನೆಲಕ್ಕೂ ನಡುವಿನ ಈ ಏರುಪೇರನ್ನು ತೊಡೆದುಹಾಕುವುದು ಅಸಾಧ್ಯವೇನಲ್ಲ. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಓಡಾಡಿದ ಲಾಂಚು ಬಸ್ಸು, ಜೀಪುಗಳನ್ನೇ ಹಲಗೆಯ ಮೇಲಿಂದ ಹತ್ತಿಸಿಕೊಳ್ಳುತ್ತಿತ್ತು. ಪಕ್ಕಗಾಲಿಯ ಸ್ಕೂಟರ್ ಅದಕ್ಕೆ ಲೆಕ್ಕವೇ ಆಗಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೊದಲ್ಲಿ ಇದೇ ಕೆಲಸ ಇನ್ನಷ್ಟು ನಾಜೂಕಾಗಿ ನಡೆದಿದೆ. ಅಲ್ಲಿನ ಕಟ್ಟೆ ತೇಲುವ ಕಟ್ಟೆ. ಉಬ್ಬರ ಬಂದರೆ ದೋಣಿಯೂ ಕಟ್ಟೆಯೂ ಒಟ್ಟಿಗೇ ಏರುತ್ತವೆ, ಇಳಿತದಲ್ಲಿ ಒಟ್ಟಿಗೇ ಇಳಿಯುತ್ತವೆ. ಗಾಲಿ ನೇರವಾಗಿ ಒಳಗೆ ಉರುಳುತ್ತದೆ. ಕೊಚ್ಚಿಯ ಹಡಗು ನಿರ್ಮಾಣ ಕಾರ್ಖಾನೆಯಲ್ಲಿ ತಯಾರಾದ ಈ ದೋಣಿಗಳೂ ಬ್ಯಾಟರಿಯವೇ. ದೊಡ್ಡ ಯಾನಕ್ಕೆ ಹಣ ಕಟ್ಟುವ ಮುನ್ನ ಸ್ಕೂಟರಿನೊಂದಿಗೆ ನೀರಿನ ಪ್ರಯಾಣ ಹೇಗಿರುತ್ತದೆಂದು ನೋಡಬಯಸುವ ಕುಟುಂಬಕ್ಕೆ ಕೊಚ್ಚಿಯಲ್ಲಿ ಒಂದು ದಿನ ಕಳೆಯುವುದು ಅಗ್ಗದ ಪರೀಕ್ಷೆ.

ಅಪಾಯದ ವೇಳೆಯ ವಿಚಾರವನ್ನು ಪ್ರವಾಸದ ಏಜೆಂಟರು ಸಾಮಾನ್ಯವಾಗಿ ಎತ್ತುವುದಿಲ್ಲ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟ ಕಾಂಕಾರ್ಡಿಯ ಹಡಗು ಮಗುಚಿದ ಮೇಲೆ ನಿಯಮ ಬಿಗಿಯಾಯಿತು: ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಪ್ರಯಾಣಿಕರಿಗೆಲ್ಲ ಸುರಕ್ಷತಾ ತಾಲೀಮು ನಡೆಯಲೇಬೇಕು. ಅಪಾಯದ ಗಂಟೆ ಹೊಡೆದಾಗ ಲಿಫ್ಟುಗಳನ್ನು ಬಳಸುವಂತಿಲ್ಲ; ಸ್ಕೂಟರನ್ನು ಅಲ್ಲೇ ಬಿಟ್ಟು, ಮೆಟ್ಟಿಲ ಮೇಲೆ ಜಾರಿಸುವ ವಿಶೇಷ ಕುರ್ಚಿಯಲ್ಲಿ ಸಿಬ್ಬಂದಿ ಕೆಳಗೆ ಒಯ್ಯುತ್ತಾರೆ. ಇಂಥ ನೆರವು ಬೇಕೆಂದು ಹೇಳಿಕೊಂಡವರ ವಿವರ ಹಡಗು ಹೊರಡುವ ಮುಂಚೆಯೇ ಕಪ್ತಾನರ ಕೈಯಲ್ಲಿ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಸಂಕೋಚದಿಂದಲೋ, ಟಿಕೆಟ್ ನಿರಾಕರಿಸಿಬಿಟ್ಟಾರೆಂಬ ಅಂಜಿಕೆಯಿಂದಲೋ ಹೇಳಿಕೊಳ್ಳದೆ ಹೋದವರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಆ ಅಂಜಿಕೆಗೆ ಕಾನೂನಿನ ಉತ್ತರ ಒಂದೊಂದು ಕಡೆ ಒಂದೊಂದು ಬಗೆ. ಅಮೆರಿಕದಲ್ಲಿ, ಹೂಸ್ಟನ್ನಿನಿಂದ ಯಾನ ಹೊರಟಿದ್ದ ಅಂಗವಿಕಲ ಪ್ರಯಾಣಿಕರು ನಾರ್ವೇಜಿಯನ್ ಕ್ರೂಸ್ ಲೈನ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ವಿದೇಶಿ ಧ್ವಜದ ಹಡಗುಗಳಿಗೂ ದೇಶದ ಅಂಗವಿಕಲರ ಕಾಯ್ದೆ ಅನ್ವಯಿಸುತ್ತದೆಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಯುರೋಪಿನ ಒಕ್ಕೂಟದಲ್ಲಿ 2012ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಸುರಕ್ಷತೆ ಅಥವಾ ಹಡಗಿನ ರಚನೆಯ ಕಾರಣವಿಲ್ಲದೆ ಟಿಕೆಟ್ ನಿರಾಕರಿಸುವಂತಿಲ್ಲ, ಮತ್ತು ಸಾಧನ ಹಾಳಾದರೆ ಪರಿಹಾರ ಕೊಡಬೇಕು. ಭಾರತದಲ್ಲಿ 2016ರ ಕಾಯ್ದೆ ಸಾರಿಗೆಯೆಲ್ಲ ಸುಗಮವಾಗಿರಬೇಕೆಂದು ಹೇಳುತ್ತದೆ. ಆದರೆ ಮಾನದಂಡಗಳು ಬಹುಮಟ್ಟಿಗೆ ಸಲಹೆಯ ರೂಪದಲ್ಲೇ ಉಳಿದಿದ್ದವು. ರಾಜೀವ್ ರತೂರಿ ಎಂಬುವರು ಹೂಡಿದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಹಡಗು ಪ್ರವಾಸವನ್ನು ಬೆಳೆಸಲು ಕ್ರೂಸ್ ಭಾರತ್ ಅಭಿಯಾನವನ್ನೂ ಆರಂಭಿಸಿತ್ತು. ಅದರಡಿ ಹೊಸ ಹಡಗು ನಿಲ್ದಾಣಗಳನ್ನು ಕಟ್ಟುವಾಗಲೇ ಮಾನದಂಡ ಪಾಲಿಸುವುದು ಅಗ್ಗ. ಕಟ್ಟಿಯಾದ ಮೇಲೆ ಒಡೆದು ಸರಿಪಡಿಸುವುದು ದುಬಾರಿ.

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದ ತುಮಕೂರಿನ ಹಿರಿಯರು ಅಲ್ಲಿಂದಲೇ ಅಲಾಸ್ಕಕ್ಕೋ ಕೆರಿಬಿಯನ್ ದ್ವೀಪಗಳಿಗೋ ಹಡಗು ಹತ್ತುವುದಾದರೆ ಊರಿನಿಂದ ಸ್ಕೂಟರ್ ಒಯ್ಯಬೇಕಾಗಿಯೇ ಇಲ್ಲ. ಅಮೆರಿಕದ ದೊಡ್ಡ ಬಂದರುಗಳಲ್ಲಿ ಬಾಡಿಗೆಗೆ ಕೊಡುವ ಕಂಪನಿಗಳಿವೆ. ಮೊದಲೇ ಹೇಳಿದ್ದರೆ, ಹಡಗು ಹತ್ತುವ ಹೊತ್ತಿಗೆ ಗಾಡಿ ಚಾರ್ಜ್ ಆಗಿ ಕೋಣೆಯಲ್ಲಿರುತ್ತದೆ, ಇಳಿಯುವ ದಿನ ಅಲ್ಲೇ ಬಿಟ್ಟು ಬರಬಹುದು. ಬಾಡಿಗೆ ಪಡೆಯುವಾಗ ತಿಳಿಸಬೇಕಾದದ್ದು ಕೂರುವವರ ತೂಕ, ಎತ್ತರ, ಕೋಣೆಯ ಬಾಗಿಲ ಅಗಲ. ಹಿಡಿಕೆಯ ಯಾವ ಬದಿಯ ಸನ್ನೆ ಮುಂದಕ್ಕೆ, ಯಾವುದು ಹಿಂದಕ್ಕೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಪಕ್ಕಗಾಲಿಯ ಸ್ಕೂಟರ್ ಓಡಿಸಿ ಅಭ್ಯಾಸವಿರುವವರು ಬಲಗೈಯ ಹಿಡಿಕೆಯನ್ನು ತಿರುಚಲು ಹೋಗುತ್ತಾರೆ, ಗಾಡಿ ಕದಲುವುದಿಲ್ಲ. ಆದ್ದರಿಂದ ಮೊದಲ ಅರ್ಧ ಗಂಟೆ ಅದನ್ನು ಜನ ಕಡಿಮೆ ಇರುವ ಅಂತಸ್ತಿನಲ್ಲಿ, ವೇಗದ ಗುಂಡಿಯನ್ನು ಅತಿ ಕೆಳಗಿಟ್ಟು ಓಡಿಸಿ ನೋಡುವುದು ಒಳ್ಳೆಯದು.